ತುರಿಕೆಗೂ ಒಂದು ದೊಡ್ಡ ಹೆಸರು

ಸೀನ ಬಂದವನೇ ಕುರ್ಚಿಯಲ್ಲಿ ಕುಸಿದು ಕೂತ. "ನನಗೆ ಪ್ರುರೈಟಸ್ ಅಂತೆ ಕಣ್ರೋ. ಜೊತೆಗೆ ಝೆರೋಸಿಸ್ ಬೇರೆ." ದನಿ ಕೇಳಿದರೆ ಉಯಿಲು ಬರೆಸೋಕೆ ಬಂದವನ ಹಾಗಿತ್ತು.

ನಮ್ಮ ರಾಜಿ ಚರ್ಮರೋಗ ವಿಭಾಗದ ನರ್ಸ್. ಅವಳಿಗೆ ಇಂಥವರನ್ನು ನೋಡಿ ನೋಡಿ ಅಭ್ಯಾಸ. "ಪ್ರುರೈಟಸ್ ಅಂದರೆ ತುರಿಕೆ. ಝೆರೋಸಿಸ್ ಅಂದರೆ ಒಣಚರ್ಮ. ಚರ್ಮ ಒಣಗಿದೆ, ಅದಕ್ಕೆ ತುರಿಸುತ್ತಿದೆ. ಅಷ್ಟೇ."

"ಅಂದರೆ ನಾನು ಹೇಳಿದ್ದನ್ನೇ ನನಗೆ ವಾಪಸ್ ಕೊಟ್ಟರಾ?"

"ಇಸ್ತ್ರಿ ಮಾಡಿ ಕೊಟ್ಟಿದ್ದಾರೆ" ಅಂದ ಮಂಜ.

ಮಂಜನಿಗೆ ತನ್ನ ಕಾಯಿಲೆಯ ಹೆಸರಿನ ಬಗ್ಗೆ ಹೆಮ್ಮೆ. ತಲೆ ಸವರಿಕೊಂಡು, "ನನ್ನದು ಆಂಡ್ರೊಜೆನೆಟಿಕ್ ಅಲೊಪೀಶಿಯಾ. ಬರೀ ಬೋಳು ಅನ್ನಬೇಡಿ. ಅಪ್ಪನಿಂದ ಬಂದ ಆಸ್ತಿ ಇದೊಂದೇ" ಅಂದ.

"ಅಮ್ಮನ ಕಡೆಯಿಂದಲೂ ಬರುತ್ತದೆ, ಅಪ್ಪನೊಬ್ಬನನ್ನೇ ಯಾಕೆ ಬೈತೀಯ?" ಅಂದಳು ರಾಜಿ. "ಆದರೆ ನಿನ್ನ ಹೆಸರು ಸೀನನ ಹೆಸರಿಗಿಂತ ಮೇಲು. ಆಂಡ್ರೊಜೆನ್ ಹಾರ್ಮೋನು, ವಂಶದ ಜೀನು, ಎರಡು ಕಾರಣವೂ ಅದರಲ್ಲೇ ಇದೆ. ಅಲೊಪೀಶಿಯಾ ಅನ್ನೋದು ಮಾತ್ರ ಗ್ರೀಕರು ನರಿಯ ಹೆಸರಿನಿಂದ ಮಾಡಿಕೊಂಡಿದ್ದು. ಕಜ್ಜಿ ಹತ್ತಿದ ನರಿಗೆ ಕೂದಲು ಉದುರುತ್ತದಲ್ಲ, ಅದಕ್ಕೆ."

ಮಂಜನ ಹೆಮ್ಮೆ ಸ್ವಲ್ಪ ಇಳಿಯಿತು.

ಪದ್ಮಾ ಇಷ್ಟು ಹೊತ್ತು ಸುಮ್ನೆ ಕೂತಿದ್ದಳು. ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತದೆ, ಹೊಸ ಶಾಂಪೂದ್ದೇ ಕಿತಾಪತಿ ಅಂತ ಅವಳ ದೂರು. ರಾಜಿ ಕೇಳಿದ್ದು ಒಂದೇ ಪ್ರಶ್ನೆ: "ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ?" ಬಂದಿತ್ತು. ಹಾಸಿಗೆ ಹಿಡಿದಿದ್ದಳು.

"ಹಾಗಾದರೆ ಟೆಲೋಜೆನ್ ಎಫ್ಲೂವಿಯಮ್ ಇರಬೇಕು. ಕೂದಲಿಗೆ ಬೆಳೆಯುವ ಕಾಲ, ಸುಮ್ಮನಿರುವ ಕಾಲ ಅಂತ ಇರುತ್ತದೆ. ಜ್ವರದ ಹೊಡೆತಕ್ಕೆ ತುಂಬಾ ಕೂದಲು ಒಂದೇ ಸಲ ಬೆಳೆಯುವುದನ್ನು ಬಿಡುತ್ತವೆ. ಉದುರೋದು ಮಾತ್ರ ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಬೈಸಿಕೊಳ್ಳೋಕೆ ಶಾಂಪೂ ಸಿಗುತ್ತದೆ. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ, ಹೆದರಬೇಡ. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಇದ್ದದ್ದೇ."

"ನನಗೆ ಅಷ್ಟು ಉದುರೋಕೆ ಇದ್ದರೆ ತಾನೇ" ಅಂದ ಮಂಜ. ಯಾರೂ ಸಮಾಧಾನ ಮಾಡಲಿಲ್ಲ.

ರಾಜಿ ಪದ್ಮಾಳ ಹೆಬ್ಬೆರಳನ್ನು ಬೆಳಕಿಗೆ ಹಿಡಿದಳು. ಉಗುರಿಗೆ ಅಡ್ಡಲಾಗಿ ಒಂದು ಸಣ್ಣ ತಗ್ಗು. ಬೆರಳಾಡಿಸಿದರೆ ತಾಗುತ್ತಿತ್ತು. "ಇದು ಬೋ ಗೆರೆ. 1846ರಲ್ಲಿ ಬೋ ಅನ್ನೋ ಫ್ರೆಂಚ್ ವೈದ್ಯ ಇದನ್ನು ಬರೆದಿಟ್ಟ. ಜ್ವರದಲ್ಲಿ ಉಗುರು ಕೆಲಸ ನಿಲ್ಲಿಸಿದ ಗುರುತು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಲೆಕ್ಕ ಹಾಕಿಕೋ." ಸ್ಕೇಲು ತಂದೆವು. ಬುಡದಿಂದ ಆರೇಳು ಮಿಲಿಮೀಟರ್. ಚರ್ಮದಡಿ ಅಡಗಿದ್ದ ಭಾಗವನ್ನೂ ಸೇರಿಸಿದರೆ ಜ್ವರದ ಹೊತ್ತಿಗೇ ಬಂದು ನಿಂತಿತು. ನನಗಂತೂ ಇಡೀ ಹರಟೆಯಲ್ಲಿ ಇಷ್ಟವಾಗಿದ್ದು ಇದೇ. ರಜೆ ಚೀಟಿಯಲ್ಲಿ ಸುಳ್ಳು ಬರೆಯಬಹುದು, ಉಗುರಿನಲ್ಲಿ ಕಷ್ಟ.

ಸೀನನೂ ಉಗುರು ತೋರಿಸೋಕೆ ಕೈ ಚಾಚಿದ. ತೋರಿಸೋಕೆ ಉಗುರೇ ಇರಲಿಲ್ಲ, ಕಚ್ಚಿ ಮುಗಿಸಿದ್ದ. ಅದಕ್ಕೆ ಒನಿಕೊಫೇಜಿಯಾ ಅಂತಾರೆ. ಉಳಿದ ಚೂರಿನಲ್ಲಿ ಬಿಳಿ ಚುಕ್ಕೆ ಇತ್ತು, ಲ್ಯೂಕೊನಿಕಿಯಾ. "ಕ್ಯಾಲ್ಸಿಯಂ ಕಮ್ಮಿ ಅಲ್ವಾ?" ಅಂದ. ಅಲ್ಲ, ಹೆಚ್ಚಾಗಿ ಉಗುರಿನ ಬುಡಕ್ಕೆ ಎಲ್ಲೋ ತಗುಲಿದ ಪೆಟ್ಟು.

ಎಲ್ಲ ಹೆಸರೂ ಇಷ್ಟು ಪ್ರಾಮಾಣಿಕವಲ್ಲ. ಪಯೋಜೆನಿಕ್ ಗ್ರಾನ್ಯುಲೋಮ ಅಂತ ಒಂದಿದೆ. ಹೆಸರಿನ ಪ್ರಕಾರ ಕೀವು ತರುವ, ಉರಿಯೂತದ ಗಂಟು. ಅಸಲಿಗೆ ಅದು ಕೀವಿನದ್ದೂ ಅಲ್ಲ, ಗ್ರಾನ್ಯುಲೋಮವೂ ಅಲ್ಲ, ಸಣ್ಣ ರಕ್ತನಾಳಗಳು ಬೆಳೆದ ಗಂಟು. ಮೈಕೋಸಿಸ್ ಫಂಗಾಯ್ಡಿಸ್ ಅಂದರೆ ಶಿಲೀಂಧ್ರ ಅನ್ನಿಸುತ್ತದೆ, ಅಸಲಿಗೆ ಅದು ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್. ಗಂಟುಗಳು ಅಣಬೆಯ ಹಾಗೆ ಕಂಡವು ಅಂತ ಆ ಹೆಸರು ಬಿತ್ತು. ಕಾರಣ ಗೊತ್ತಿಲ್ಲ ಅನ್ನೋದಕ್ಕೂ ಇಡಿಯೋಪಥಿಕ್ ಅಂತ ಗಂಭೀರ ಹೆಸರಿದೆ. ಬರೀ ಡರ್ಮಟೈಟಿಸ್ ಅಂದರೆ ಚರ್ಮದ ಉರಿಯೂತ ಅಂತಷ್ಟೇ. ಯಾವುದರಿಂದ ಅಂತ ಕೇಳದೆ ಎದ್ದು ಬರಬಾರದು.

"ಹುಳುಕಡ್ಡಿಯಲ್ಲಿ ಹುಳ ಇರುತ್ತದಾ?" ಅಂತ ಸೀನ ಮೆಲ್ಲಗೆ ಕೇಳಿದ.

"ಇಲ್ಲ, ಶಿಲೀಂಧ್ರ. ಯಾಕೆ?"

ಸೊಂಟದ ಹತ್ತಿರ ಉಂಗುರದಂಥ ಕೆಂಪು ಇತ್ತಂತೆ. ಡಾಕ್ಟರಿಗೆ ಕಾಲು ತೋರಿಸಿದ್ದಾನೆ, ಸೊಂಟ ತೋರಿಸೋಕೆ ನಾಚಿಕೆ. ಯಾರೋ ಕೊಟ್ಟ ಟ್ಯೂಬು ಹಚ್ಚಿದ. ಮೊದಲು ತುರಿಕೆ ನಿಂತಿತು. ಈಗ ಉಂಗುರದ ಅಂಚೇ ಮಾಯ, ಕೆಂಪು ಮಾತ್ರ ಹರಡಿದೆ. ರಾಜಿ ಟ್ಯೂಬು ಇಸಿದುಕೊಂಡು ಓದಿದಳು. ನಗು ನಿಂತಿತು.

"ಇದರಲ್ಲಿ ಸ್ಟೀರಾಯ್ಡ್ ಇದೆ ಕಣೋ. ಅದು ತುರಿಕೆ ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲೋದಿಲ್ಲ. ಚರ್ಮದ ಕಾವಲು ತಗ್ಗಿ ಅದಕ್ಕೇ ಅನುಕೂಲ. ರೂಪ ಬದಲಾಗಿ ನೋಡಿದವರಿಗೂ ಗುರುತು ಸಿಗಲ್ಲ. ಟಿನಿಯ ಇನ್‌ಕಾಗ್ನಿಟೋ ಅಂತಾರೆ. ಹಚ್ಚೋದು ನಿಲ್ಲಿಸಿ ನಾಳೆಯೇ ಹೋಗಿ ತೋರಿಸು, ಏನು ಹಚ್ಚಿದೆ ಅಂತಲೂ ಹೇಳು."

"ಹೋಗ್ತೀನಿ" ಅಂದ ಸೀನ. ಆಮೇಲೆ ಮಂಜನ ಕಡೆ ತಿರುಗಿ, "ನೀನೂ ಬಾರೋ" ಅಂದ.

"ನಾನ್ಯಾಕೆ? ಈ ಟ್ಯೂಬು ನಿನಗೆ ಕೊಟ್ಟಿದ್ದು ನಾನಲ್ಲ."

"ನೀನಲ್ಲ. ಆದರೆ ಹೋದ ವಾರ ನನ್ನ ಟವೆಲ್ ತಗೊಂಡು ಹೋದೋನು ನೀನೇ."