ಪದಚರ್ಚೆ: ಬೀಡು ಕಬ್ಬಿಣವೋ, ಎರಕದ ಕಬ್ಬಿಣವೋ? ಜೊತೆಗೆ ‘ಬೆಸೆದ’ ಸೇತುವೆ

ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ ಸೆವರ್ನ್ ನದಿಗೆ ಕಟ್ಟಿರುವ ‘ಐರನ್ ಬ್ರಿಜ್’ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಒಂದು, ಕಾಸ್ಟ್ ಐರನ್. ಪುಸ್ತಕಗಳಲ್ಲಿ ‘ಎರಕದ ಕಬ್ಬಿಣ’ ಜಾಸ್ತಿ. ಆದರೆ ಎರಕ ಅನ್ನೋದು ಅಚ್ಚಿಗೆ ಹೊಯ್ಯುವ ಕೆಲಸ. ಕಂಚನ್ನೂ ಎರಕ ಹೊಯ್ಯುತ್ತಾರೆ, ಉಕ್ಕನ್ನೂ ಹೊಯ್ಯುತ್ತಾರೆ. ‘ಬೀಡು’ ಅಂದರೆ ವಸ್ತುವೇ ಕಣ್ಣಿಗೆ ಬರುತ್ತದೆ. ಬೀಡಿನ ಕಾವಲಿ ಕೈಜಾರಿ ಬಿದ್ದರೆ ಸೀಳುತ್ತದೆ ಅಂತ ದೋಸೆ ಹುಯ್ಯುವವರಿಗೆಲ್ಲ ಗೊತ್ತು. ಅದನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಈ ಸೇತುವೆಗೆ ಕಮಾನೇ ಬೇಕಾಗಿದ್ದು ಅದಕ್ಕೇ. ಕಮಾನಿನಲ್ಲಿ ಭಾರ ಒತ್ತುತ್ತಾ ಒತ್ತುತ್ತಾ ಎರಡೂ ದಡಕ್ಕೆ ಇಳಿದುಬಿಡುತ್ತದೆ. ನನ್ನ ಮತ ಬೀಡಿಗೇ. ಸುಮ್ನೆ ‘ಬೀಡಿನ ಸೇತುವೆ’ ಅಂದರೆ ಯಾರ ಬೀಡು ಅಂತ ಕೇಳಿಯಾರು. ಹಾಗಾಗಿ ‘ಬೀಡು ಕಬ್ಬಿಣ’ ಅಂತ ಪೂರ್ತಿ ಬರೆಯುವುದು ವಾಸಿ, ಅಲ್ವಾ?

ಎರಡನೆಯದೇ ನಿಜವಾದ ತಲೆನೋವು. ‘ಕಬ್ಬಿಣದ ತುಂಡುಗಳನ್ನು ಬೆಸೆದು ಕಟ್ಟಿದ ಸೇತುವೆ’ ಅಂತ ಬರೆದರೆ ತಪ್ಪಾಗುತ್ತದೆ. ಇಲ್ಲಿ ಬೆಸುಗೆಯೇ ಇಲ್ಲ. ನಕ್ಷೆ ಮಾಡಿದ ಥಾಮಸ್ ಪ್ರಿಚರ್ಡ್ ಮರಗೆಲಸ ಕಲಿತು ಮೇಲೆ ಬಂದವನು. ಅವನು 1777ರಲ್ಲೇ ತೀರಿಕೊಂಡ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಒಡೆಯ ಮೂರನೆಯ ಏಬ್ರಹಾಂ ಡಾರ್ಬಿ ತುಂಡುಗಳನ್ನು ಎರಕ ಹೊಯ್ಯಿಸಿ 1779ರಲ್ಲಿ ಕಮಾನು ನಿಲ್ಲಿಸಿದ. ಜನಕ್ಕೆ ತೆರೆದದ್ದು 1781ರ ಜನವರಿ 1ರಂದು. ಕಮಾನಿನ ಅಗಲ ಒಂದು ಬುಡದಿಂದ ಇನ್ನೊಂದಕ್ಕೆ ಸುಮಾರು 30 ಮೀಟರು, ಕಬ್ಬಿಣ ಸುಮಾರು 378 ಟನ್ನು, ತುಂಡುಗಳು 1,700ರ ಹತ್ತಿರ. ಇಷ್ಟನ್ನೂ ಜೋಡಿಸಿದ್ದು ಬಾಗಿಲ ಚೌಕಟ್ಟು ಕೂಡಿಸುವ ರೀತಿಯಲ್ಲೇ: ಒಂದರ ತೂತಿನೊಳಗೆ ಇನ್ನೊಂದರ ತುದಿ ತೂರಿಸುವುದು, ಸಡಿಲ ಇದ್ದಲ್ಲಿ ಬೆಣೆ ಬಡಿಯುವುದು. ಕೈಗೆ ಬಂದದ್ದು ಸೇತುವೆಗೆ ಹೊಸದಾದ ವಸ್ತು, ಗೊತ್ತಿದ್ದದ್ದು ಬಡಗಿಯ ಕೈಚಳಕ. ಕಬ್ಬಿಣ ಬೇಕಾದ್ದಕ್ಕಿಂತ ಜಾಸ್ತಿಯೇ ಸುರಿದಿದ್ದಾರೆ ಅನ್ನಿ. 1796ರಲ್ಲಿ ಅದೇ ನದಿಯ ಮೇಲೆ ಬಿಲ್ಡ್‌ವಾಸ್‌ನಲ್ಲಿ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಇದಕ್ಕಿಂತ ಅಗಲದ ಕಮಾನನ್ನು ಅರ್ಧದಷ್ಟು ಕಬ್ಬಿಣದಲ್ಲೇ ಎತ್ತಿದ.

‘ಕೀಲು’ ಅನ್ನೋಣವೆಂದರೆ ಅದು ಆಡುವ ಜಾಗ, ಮೊಣಕಾಲಿನದ್ದೋ ಪೆಟ್ಟಿಗೆಯದ್ದೋ. ಇಲ್ಲಿ ಯಾವುದೂ ಆಡಬಾರದು. ಸದ್ಯಕ್ಕೆ ‘ಕೂಡಿಸಿ ಬೆಣೆ ಬಡಿದ’ ಅಂತ ಬರೆದಿಟ್ಟಿದ್ದೇನೆ. ನಮ್ಮ ಕಡೆ ಮರಗೆಲಸದವರು ಎಲ್ಲದಕ್ಕೂ ‘ಜಾಯಿಂಟ್’ ಅಂದು ಮುಗಿಸುತ್ತಾರೆ. ತೂತಿಗೊಂದು, ಅದರೊಳಗೆ ಹೋಗುವ ತುದಿಗೊಂದು ಬೇರೆ ಬೇರೆ ಹೆಸರು ನಿಮ್ಮ ಸೀಮೆಯ ಬಡಗಿಗಳಲ್ಲಿ ಇದೆಯೇ? ಇದ್ದರೆ ಯಾವ ಕಡೆಯ ಮಾತು ಅನ್ನುವುದನ್ನೂ ಸೇರಿಸಿ ತಿಳಿಸಿ.