ಏಲಕ್ಕಿ ಬಾಳೆಗೆ ಟಿಷ್ಯೂ ಕಲ್ಚರ್ (ಲ್ಯಾಬಲ್ಲಿ ಬೆಳೆಸಿದ) ಸಸಿ ತರಲಾ, ಕಂದು (ತಾಯಿ ಬಾಳೆಯ ಬುಡದ ಮರಿ) ಹಾಕಲಾ? ಅನುಭವ ಇದ್ದವರು ಹೇಳಿ

ನಂಜನಗೂಡು ಕಡೆಯವನು:
ಎಲ್ಲರಿಗೂ ನಮಸ್ಕಾರ. ಕಬಿನಿ ನಾಲೆ ಪಕ್ಕ 2 ಎಕರೆ, ಕೆಂಪು ಮಣ್ಣು, ಡ್ರಿಪ್ ಇದೆ. ಹೋದ ವರ್ಷ ಪಕ್ಕದ ತೋಟದಿಂದ ಕಂದು ತಂದು ಏಲಕ್ಕಿ ಹಾಕಿದ್ದೆ. ಎಂಟನೇ ತಿಂಗಳಿಗೆ ಕೆಳಗಿನ ಎಲೆ ಹಳದಿಯಾಗಿ ದಿಂಡಿನ ಸುತ್ತ ಲಂಗದ ಹಾಗೆ ಜೋತುಬಿದ್ದವು. ಬುಡ ಸೀಳಿತು. ಮೂರರಲ್ಲಿ ಒಂದು ಗಿಡ ಹೋಯ್ತು. ಪನಾಮಾ ಸೊರಗು, ಮಣ್ಣಿನ ಶಿಲೀಂಧ್ರದಿಂದ ಬರೋ ರೋಗ ಅಂದರು. ಅದೇ ಜಾಗಕ್ಕೆ ಈಗ ಟಿಷ್ಯೂ ಕಲ್ಚರ್ ಏಲಕ್ಕಿ ಹಾಕಿದರೆ ಬದುಕುತ್ತಾ? ಹಾಕಿ ನೋಡಿದವರು ದಯವಿಟ್ಟು ಹೇಳಿ.

ಕೊಳ್ಳೇಗಾಲ ತೋಟ:
ನನ್ನ ಕಥೆ ಕೇಳಿ, ಆಮೇಲೆ ನಿಮ್ಮಿಷ್ಟ. 1 ಎಕರೆ, 6 ಅಡಿಗೆ 6 ಅಡಿ, 1,210 ಸಸಿ. ಒಂದಕ್ಕೆ 22 ರೂಪಾಯಿ, ಒಟ್ಟು 26,620. ಲಾರಿ ಬಾಡಿಗೆ 3,500. ಗುಣಿ ತೆಗೆಯೋಕೆ 12ರಂತೆ 14,520. ಕೊಟ್ಟಿಗೆ ಗೊಬ್ಬರ 6 ಲೋಡು, 27,000. ಬೇವಿನ ಹಿಂಡಿ 12 ಮೂಟೆ, 13,200. ಗೊನೆ ಬಿಟ್ಟ ಗಿಡಕ್ಕೆ ಆನಿಕೆ ಕೊಡೋಕೆ, ಕಡಿಮೆಗೆ ಸಿಕ್ಕಿತು ಅಂತ ಸರ್ವೆ ಕಂಬ 1,000 ಮೊದಲೇ ತಂದಿಟ್ಟೆ, 65ರಂತೆ 65,000. ಕೂಡಿಸಿ ನೋಡಿ, 1,49,840. ಕಳೆ, ಕೂಲಿ, ಪೊಟ್ಯಾಷ್ ಇದರಲ್ಲಿ ಇಲ್ಲ.

ಆರು ತಿಂಗಳು ತೋಟ ಹೇಗಿತ್ತು ಅಂದರೆ ದಾರಿಯಲ್ಲಿ ಹೋಗೋರು ಗಾಡಿ ನಿಲ್ಲಿಸಿ ಫೋಟೋ ತೆಗೀತಿದ್ರು. ಎಲ್ಲ ಒಂದೇ ಎತ್ತರ, ಅಚ್ಚು ಹಾಕಿದ ಹಾಗೆ. ಏಳನೇ ತಿಂಗಳು ಮೂಲೆಯಲ್ಲಿ ನಾಲ್ಕು ಗಿಡ ಹಳದಿ. ಇಪ್ಪತ್ತು ದಿನಕ್ಕೆ ನಲವತ್ತು. ಕೊನೆಗೆ ಗೊನೆ ಸಿಕ್ಕಿದ್ದು 430 ಗಿಡದಿಂದ. ಸರಾಸರಿ 9 ಕೆಜಿ, ಮಂಡಿಯಲ್ಲಿ 38 ರೂಪಾಯಿ. 1,47,060. ಹಾಕಿದ್ದೇ ವಾಪಸ್ ಬರಲಿಲ್ಲ, 2,780 ಕಮ್ಮಿ.

ಸಸಿ ಮಾರಿದವನು ‘ರೋಗಮುಕ್ತ’ ಅಂದಿದ್ದ. ನಾನು ‘ರೋಗ ಬರಲ್ಲ’ ಅಂತ ಕೇಳಿಸಿಕೊಂಡೆ. ಲ್ಯಾಬಿನಿಂದ ಸಸಿ ಶುದ್ಧವಾಗಿಯೇ ಬಂದಿತ್ತು. ನನ್ನ ಮಣ್ಣು ಶುದ್ಧವಾಗಿರಲಿಲ್ಲ. ಅಪ್ಪನ ಕಾಲದಲ್ಲಿ ಅಲ್ಲಿ ರಸಬಾಳೆ ಇತ್ತು, ಅದೂ ಸೊರಗಿಯೇ ಹೋಗಿದ್ದು. ಆ ಶಿಲೀಂಧ್ರದ ಗಟ್ಟಿ ಬೀಜಕಣ ಬಾಳೆ ಇಲ್ಲದಿದ್ದರೂ ಹತ್ತಾರು ವರ್ಷ ಮಣ್ಣಲ್ಲಿ ಕಾದು ಕೂತಿರುತ್ತದಂತೆ. ಇನ್ನು ಸಸಿಗಳೋ, ಒಂದೇ ಬೀಗದ ಕೈಗೆ ತೆರೆಯೋ 1,210 ಮನೆ. ಒಂದಕ್ಕೆ ನುಗ್ಗಿದ ಕಳ್ಳ ಎಲ್ಲದಕ್ಕೂ ನುಗ್ಗಿದ.

570 ಕಂಬ ಇನ್ನೂ ಶೆಡ್ಡಿನಲ್ಲಿದೆ.

ಕಂದೇ ಸೈ:
ಕೊಳ್ಳೇಗಾಲದವರೇ, ಅಪ್ಪನ ರಸಬಾಳೆ ಸತ್ತ ಜಾಗ ಅಂತ ಗೊತ್ತಿದ್ದೂ ಬಾಳೆ ಹಾಕಿದ್ದು ನೀವು. ಇದರಲ್ಲಿ ಲ್ಯಾಬಿನ ತಪ್ಪೇನು, ಕಂದಿನ ತಪ್ಪೇನು?

ನಾನು ಹನ್ನೊಂದು ವರ್ಷದಿಂದ ಕಂದೇ ಹಾಕೋದು. ಕತ್ತಿ ಕಂದು ಮಾತ್ರ, ಅಗಲ ಎಲೆಯ ನೀರು ಕಂದು ಮುಟ್ಟಲ್ಲ. 1,000 ಕಂದಿಗೆ 5,000 ರೂಪಾಯಿ. ಬೇರು ಕೆತ್ತಿ, ಗಡ್ಡೆ ಬೆಳ್ಳಗೆ ಕಾಣೋವರೆಗೂ ಸವರಿ, ಔಷಧಿಯಲ್ಲಿ ಅದ್ದಿ, ನೆರಳಲ್ಲಿ ಒಂದಿನ ಒಣಗಿಸಿ ನೆಡ್ತೀನಿ. ಒಂದು ಸಲ ಸವರೋಕೆ ಸೋಮಾರಿತನ ಮಾಡಿದೆ. ಗಡ್ಡೆ ಕೊರೆಯೋ ಮೂತಿ ಹುಳ ಬಂತು. 210 ಗಿಡ ಗಾಳಿಗೆ ಬುಡಮೇಲು. ಆ ಬೆಳೆಯಲ್ಲಿ 60 ಸಾವಿರ ಹೋಯ್ತು, ಒಪ್ಪಿಕೊಳ್ತೀನಿ. ಆದರೂ ಕಂದೇ. ಟಿಷ್ಯೂದು ಎಲ್ಲ ಒಂದೇ ಸಲ ಗೊನೆ ಬಿಡುತ್ತೆ, ಅವತ್ತು ರೇಟು ಬಿದ್ದರೆ ನೀವೂ ಬಿದ್ರಿ. ನನ್ನ ತೋಟ ಮೂರು ತಿಂಗಳು ಕುಯ್ಲು ಕೊಡುತ್ತೆ.

ಅಲ್ಲದೆ ಲ್ಯಾಬಲ್ಲಿ ಜೀನ್ ತಿದ್ದಿದ ಬಾಳೆ ನಮಗೆ ಬೇಡ.

ಹೊಸಪೇಟೆ ಅಕ್ಕ:
ಜೀನ್ ತಿದ್ದಿದ್ದು ಅಂತ ನಿಮಗೆ ಯಾರು ಹೇಳಿದ್ರು? ಕಬ್ಬಿನ ತುಂಡು ನೆಟ್ಟರೆ ಜೀನ್ ತಿದ್ದಿದ ಹಾಗಾಯ್ತಾ?

ನಾನು ಜಿ9 ಹಾಕಿದವಳು, ಪಚ್ಚಬಾಳೆ ಗುಂಪಿನ ತಳಿ. 2 ಎಕರೆ, 7ಕ್ಕೆ 7, 1,780 ಸಸಿ, 17ರಂತೆ 30,260. ಮೊದಲ ಎರಡು ತಿಂಗಳು ಜಾಗ ಖಾಲಿ ಬಿಡೋದು ಯಾಕೆ ಅಂತ ನಡುವೆ ಸೌತೆ ಹಾಕಿದೆ. ನಮ್ಮ ಭಾವ ಬೇಡ ಅಂದಿದ್ರು, ನಾನು ಕೇಳಲಿಲ್ಲ. ಸೌತೆ ಮಾರಿ ಬಂದಿದ್ದು 11,000. ಸೌತೆಯಿಂದ ಬಾಳೆಗೆ ಬಂದಿದ್ದು ಮೊಸಾಯಿಕ್ ವೈರಸ್! ಎಲೆಯಲ್ಲಿ ಹಳದಿ ಗೀರು, ಸುಳಿ ಕೊಳೆತ. ಸಸ್ಯಹೇನು ಸೌತೆ ರಸ ಹೀರಿ ಬಾಳೆ ಮೇಲೆ ಕೂತರೆ ಸಾಕು, ಸೂಜಿ ಚುಚ್ಚಿದ ಹಾಗೆ. ಟಿಷ್ಯೂ ಸಸಿ ಎಳೇದಿರುವಾಗ ಇದು ಜಾಸ್ತಿ ತಗಲುತ್ತದೆ ಅಂತ ಆಮೇಲೆ ಹೇಳಿದರು. ಎಲ್ಲರೂ ಆಮೇಲೆಯೇ ಹೇಳೋದು. 460 ಗಿಡ ಕಿತ್ತು ಸುಟ್ಟೆ. ವೈರಸ್ಸಿಗೆ ಔಷಧಿ ಇಲ್ಲ, ಗಿಡದ ಜೀವಕೋಶದೊಳಗೇ ಕೂತು ಅದರ ಕೈಲೇ ತನ್ನ ನಕಲು ಮಾಡಿಸಿಕೊಳ್ಳುತ್ತೆ. ಹೊರಗಿನಿಂದ ಏನು ಹೊಡೀತೀರಿ?

ಉಳಿದ 1,320ರಲ್ಲಿ ಸರಾಸರಿ 24 ಕೆಜಿ ಗೊನೆ ಬಂತು. ಕೂಳೆ ಬೆಳೆಯೂ ಚೆನ್ನಾಗಿ ಬಂತು. ನಾನಂತೂ ಟಿಷ್ಯೂ ಬಿಡಲ್ಲ. ಸೌತೆ ಬಿಟ್ಟೆ.

ತೋಟದ ಡಾಕ್ಟ್ರು:
ಸೊರಗಿಗೆ ನನ್ನ ಹತ್ತಿರ ಪಕ್ಕಾ ಔಷಧಿ ಇದೆ. ಬರೆದುಕೊಳ್ಳಿ. 1,000 ಗಿಡಕ್ಕೆ 2,000 ಲೀಟರ್ ನೀರು, ಕಾರ್ಬೆಂಡಜಿಮ್ 4 ಕೆಜಿ, 2,800 ರೂಪಾಯಿ. ಟ್ರೈಕೋಡರ್ಮಾ 10 ಕೆಜಿ, 1,500. ಸ್ಟ್ರೆಪ್ಟೊಸೈಕ್ಲಿನ್ 40 ಪ್ಯಾಕೆಟ್, 2,400. ಬೆಲ್ಲ 5 ಕೆಜಿ, 250. ಎಲ್ಲ ಒಂದೇ ಡ್ರಮ್ಮಿಗೆ. ಮೂರು ಸಲಕ್ಕೆ 20,850 ಆಗುತ್ತೆ. ಜಾಸ್ತಿ ಅನ್ನಿಸಿದರೂ ಮಾಡಿ. ನನ್ನ ತೋಟದಲ್ಲಿ ರೋಗ ಅಲ್ಲೇ ನಿಂತಿತು.

ನಿವೃತ್ತ ಬಯಾಲಜಿ ಮೇಷ್ಟ್ರು:
ಡಾಕ್ಟ್ರೇ, ಬೈಯೋದಲ್ಲ, ಆದರೆ ಆ ಡ್ರಮ್ಮಿನಲ್ಲಿ ನೀವು ಯುದ್ಧ ಮಾಡಿಸಿದ್ದೀರಿ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ರೋಗದ ಶಿಲೀಂಧ್ರದ ಮೇಲೆ ಬೀಳೋ ಒಳ್ಳೆಯವನು. ಕಾರ್ಬೆಂಡಜಿಮ್ ಶಿಲೀಂಧ್ರದ ಕೋಶ ಎರಡಾಗೋದನ್ನು ತಡೆಯುತ್ತೆ, ಒಳ್ಳೆಯವನು ಕೆಟ್ಟವನು ಅಂತ ನೋಡಲ್ಲ. 1,500 ರೂಪಾಯಿ ಕೊಟ್ಟು ಪೈಲ್ವಾನನ್ನು ಕರೆಸಿ 2,800 ಕೊಟ್ಟು ವಿಷ ಹಾಕಿದ ಹಾಗಾಯ್ತು. ಸ್ಟ್ರೆಪ್ಟೊಸೈಕ್ಲಿನ್ ಬ್ಯಾಕ್ಟೀರಿಯಾ ಔಷಧಿ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸೋ ಯಂತ್ರವನ್ನು ಅದು ಕೆಡಿಸುತ್ತೆ. ಶಿಲೀಂಧ್ರದ ಯಂತ್ರ ಬೇರೆ ಥರ, ಹೆಚ್ಚುಕಮ್ಮಿ ನಮ್ಮದರ ಹಾಗೆ. ಅದಕ್ಕೇ ಸೊರಗು ಆ ಪ್ಯಾಕೆಟ್ಟಿಗೆ ಬಗ್ಗಲ್ಲ.

ತೋಟದ ಡಾಕ್ಟ್ರು:
ಮೇಷ್ಟ್ರೇ, ಎಷ್ಟು ಗೊನೆ ಕಡಿದಿದ್ದೀರಿ ಜೀವಮಾನದಲ್ಲಿ? ನನ್ನದು ನಿಂತಿತು ಅಂದೆನಲ್ಲ. ಬುಡ ಕೊಳೆತು ನಾರುತ್ತಿತ್ತು, ಔಷಧಿ ಹಾಕಿದ ಮೇಲೆ ನಿಂತಿತು.

ನಿವೃತ್ತ ಬಯಾಲಜಿ ಮೇಷ್ಟ್ರು:
ನಾರುತ್ತಿತ್ತಾ? ಅದನ್ನು ಮೊದಲೇ ಹೇಳಬೇಕಿತ್ತು ಸ್ವಾಮಿ. ಅದು ಸೊರಗಲ್ಲ, ಗಡ್ಡೆ ಕೊಳೆ. ಎರ್ವಿನಿಯಾ ಅನ್ನೋ ಬ್ಯಾಕ್ಟೀರಿಯಾ. ಎಳೇ ಟಿಷ್ಯೂ ಸಸಿಗೆ ಬಿಸಿಲಲ್ಲಿ ನೀರು ನಿಂತರೆ ಬರುತ್ತೆ. ಹಾಗಾಗಿ ನಿಮ್ಮ 2,400 ಕೆಲಸ ಮಾಡಿರಬಹುದು. ಸೊರಗು ಬಂದ ಗಡ್ಡೆ ಕೊಯ್ದರೆ ಕೆಂಪು-ಕಂದು ಬಣ್ಣದ ದಾರ ದಾರ ಕಾಣುತ್ತೆ. ನೀರು ಏರೋ ನಾಳದಲ್ಲಿ ಶಿಲೀಂಧ್ರ ಕಟ್ಟಿಕೊಂಡಿರುತ್ತೆ. ಡ್ರಿಪ್ ಓಡುತ್ತಿದ್ದರೂ ಗಿಡ ಬಾಯಾರಿ ಸಾಯುತ್ತೆ.

ಗೊನೆ ಕಡಿದಿಲ್ಲ, ನಿಜ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಮೊದಲ ಬಾರಿ ಹಿತ್ತಲಿನ 14 ಏಲಕ್ಕಿ ಸತ್ತಾಗ ಸೊರಗಿನ ಜೀವನಚಕ್ರದ ಚಿತ್ರ ಬೋರ್ಡ್ ಮೇಲೆ ಬರೆಯೋ ಹೊತ್ತಿಗೆ ಗಂಟಲು ಕಟ್ಟಿತ್ತು. ನಗಬೇಡಿ.

ಕಂದಿನವರಿಗೂ ಒಂದು ಮಾತು. ಕಂದು ಕೂಡ ನಕಲೇ, ತಾಯಿಯ ಪಡಿಯಚ್ಚು. ಲ್ಯಾಬಿನವರು ಕಂದಿನ ಸುಳಿಯೊಳಗಿನ ಎಳೇ ಕೋಶಗಳನ್ನೇ ತೆಗೆದು, ಸಕ್ಕರೆ, ಲವಣ, ಹಾರ್ಮೋನ್ ಇರೋ ಬಾಟಲಿಯಲ್ಲಿ ಬೆಳೆಸುತ್ತಾರೆ. ಗಿಡದ ಒಂದೊಂದು ಕೋಶದಲ್ಲೂ ಪೂರ್ತಿ ಗಿಡ ಆಗೋ ಶಕ್ತಿ ಇದೆ ಅಂತ ಹಾಬರ್ಲ್ಯಾಂಡ್ ಅನ್ನೋ ಸಸ್ಯವಿಜ್ಞಾನಿ 1902ರಲ್ಲೇ ಬರೆದಿದ್ದ. ಈಗ ಹೆಚ್ಚಾಗಿ ಬಳಸೋ ಪೋಷಕಾಂಶದ ಪಾಕವನ್ನು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಅನ್ನೋ ಇಬ್ಬರು ವಿಜ್ಞಾನಿಗಳು ಕೊಟ್ಟರು. ಅಷ್ಟೇ. ಜೀನ್ ಯಾರೂ ತಿದ್ದಿಲ್ಲ. ಬಾಟಲಿಯಿಂದ ಬಾಟಲಿಗೆ ಅತಿಯಾಗಿ ಬದಲಿಸಿದರೆ ತಾನಾಗಿಯೇ ಕೆಲವು ಕೆಡುತ್ತವೆ, ಕುಳ್ಳ ಗಿಡ ಬರುತ್ತೆ. ಅದು ಬೇರೆ ತಕರಾರು.

ಹೊಸಪೇಟೆ ಅಕ್ಕ:
ಕುಳ್ಳ ಗಿಡ ನನಗೂ 31 ಬಂದಿತ್ತು! ನರ್ಸರಿಯವರು ‘ನೀರು ಸಾಲಲಿಲ್ಲ’ ಅಂದ್ರು. 527 ರೂಪಾಯಿ ವಾಪಸ್ ಕೊಡಿಸಿಕೊಳ್ಳೋಕೆ ಫೋನಿಗೇ ಅಷ್ಟು ಖರ್ಚು ಮಾಡಿದೆ.

ನಿವೃತ್ತ ಬಯಾಲಜಿ ಮೇಷ್ಟ್ರು:
ಹಾಗೆ ಕೆಟ್ಟದ್ದರಲ್ಲೇ ತೈವಾನಿನವರು ಸೊರಗು ತಡೆಯೋ ಗಿಡ ಹುಡುಕಿ ತಳಿ ಮಾಡಿದರು ಗೊತ್ತಾ? ಸಾವಿರಾರರಲ್ಲಿ ಎಲ್ಲೋ ಒಂದು ತಪ್ಪು ಉಪಯೋಗಕ್ಕೆ ಬಂತು. ವಿಕಾಸ ನಡೆಯೋದೇ ಹಾಗೆ, ಬದಲಾವಣೆ ಇದ್ದರೆ ತಾನೇ ಆಯ್ಕೆ. ನಮ್ಮ ಬಾಳೆಗೆ ಬೀಜ ಇಲ್ಲ, ಬದಲಾಗೋ ದಾರಿ ಹೆಚ್ಚುಕಮ್ಮಿ ಮುಚ್ಚಿದೆ. ಜಿ9ಗೆ ಕ್ರೋಮೋಸೋಮ್ 11ರ ಮೂರು ಸೆಟ್ಟು, 33. ಏಲಕ್ಕಿಗೆ ಎರಡೇ ಸೆಟ್ಟು, ಆದರೆ ಒಂದು ಸೆಟ್ಟು ಒಂದು ಜಾತಿ ಕಾಡುಬಾಳೆಯದು, ಇನ್ನೊಂದು ಬೇರೆ ಜಾತಿಯದು. ಹೇಸರಗತ್ತೆ ಕಥೆ, ಎರಡಕ್ಕೂ ಬೀಜ ಕಟ್ಟಲ್ಲ. ಗ್ರೋಸ್ ಮಿಷೆಲ್ ಅನ್ನೋ ತಳಿ ಇದೇ ಸೊರಗಿಗೆ ಸಿಕ್ಕಿ 1950-60ರ ದಶಕದಲ್ಲಿ ರಫ್ತು ತೋಟಗಳಿಂದ ಹೋಯ್ತು, ಜಾಗಕ್ಕೆ ಕ್ಯಾವೆಂಡಿಷ್ ಬಂತು. ಜಿ9 ಅದೇ ಗುಂಪು. ಹಳೇ ಸೊರಗಿಗೆ ಅದು ತಡೆಯುತ್ತೆ, ಈಗ ಬಿಹಾರ, ಉತ್ತರ ಪ್ರದೇಶದಲ್ಲಿ ಕಾಣಿಸಿರೋ ಟಿಆರ್4 ಅನ್ನೋ ಹೊಸ ಬಗೆಯ ಸೊರಗಿಗೆ ತಡೆಯಲ್ಲ. ಅಕ್ಕ, ಜಂಬ ಬೇಡ.

ಹೊಸಪೇಟೆ ಅಕ್ಕ:
ನಾನು ಯಾವಾಗ ಜಂಬ ಮಾಡಿದೆ?

ಮಲೆನಾಡ ಮಾವ:
ಬಾಳೆಗೆ ಬೀಜ ಇಲ್ಲ ಅಂತ ಯಾರು ಹೇಳಿದ್ದು? ನಮ್ಮ ಕಾಡಿನ ಕಲ್ಲುಬಾಳೆಯಲ್ಲಿ ತಿನ್ನೋಕೆ ತಿರುಳೇ ಇಲ್ಲ, ಬರೀ ಬೀಜ. ಬಂದು ನೋಡಿ ಮೇಷ್ಟ್ರೇ.

ನಿವೃತ್ತ ಬಯಾಲಜಿ ಮೇಷ್ಟ್ರು:
ಅದು ಬಾಳೆಯ ದಾಯಾದಿ, ಬೇರೆ ಕುಲ, ಎನ್ಸೆಟೆ. ಕಂದೇ ಬಿಡಲ್ಲ ಅದು. ಬೀಜದಿಂದಲೇ ಹುಟ್ಟಬೇಕು.

ಮಲೆನಾಡ ಮಾವ:
ಹೆಸರಲ್ಲೇ ಬಾಳೆ ಇದೆ.

ಕಂದೇ ಸೈ:
ಕಂದು ಬಿಡದ್ದನ್ನು ನಾನೂ ಬಾಳೆ ಅನ್ನಲ್ಲ. ಮೊದಲ ಸಲ ಮೇಷ್ಟ್ರ ಕಡೆ.

ನಂಜನಗೂಡು ಕಡೆಯವನು:
ನನ್ನ ಪ್ರಶ್ನೆ ಎಲ್ಲೋ ಹೋಯ್ತು. ಗಡ್ಡೆ ಕೊಯ್ದು ನೋಡಿದೆ. ನಾರಲ್ಲ. ಕೆಂಪು ದಾರವೇ. ಅದೇ ಜಾಗಕ್ಕೆ ಹಾಕಲಾ ಬೇಡವಾ?

ಕೊಳ್ಳೇಗಾಲ ತೋಟ:
ಬೇಡ ಅಂತ 1,49,840 ರೂಪಾಯಿ ಲೆಕ್ಕ ಕೊಟ್ಟು ಹೇಳಿದ್ನಲ್ಲಪ್ಪಾ.

ನಿವೃತ್ತ ಬಯಾಲಜಿ ಮೇಷ್ಟ್ರು:
ಏಲಕ್ಕಿ ಬೇಡ, ಟಿಷ್ಯೂವೂ ಬೇಡ, ಕಂದೂ ಬೇಡ. ನಾಲೆ ನೀರಿದೆ, ಎರಡು ಮೂರು ವರ್ಷ ಭತ್ತ ಹಾಕಿ ನೀರು ನಿಲ್ಲಿಸಿ. ಪೂರ್ತಿ ಹೋಗಲ್ಲ, ಕಮ್ಮಿ ಆಗುತ್ತೆ. ಬಾಳೆಯೇ ಬೇಕಂದರೆ ಪಚ್ಚಬಾಳೆ ಗುಂಪಿನದು. ಆ ತೋಟದ ಗುದ್ದಲಿ, ಚಪ್ಪಲಿ ಮಣ್ಣು ಇನ್ನೊಂದು ತೋಟಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ಕಂದು ಕೊಟ್ಟ ಪಕ್ಕದವರಿಗೂ ಹೇಳಿ.

ನಂಜನಗೂಡು ಕಡೆಯವನು:
ಪಕ್ಕದವರು ನಮ್ಮ ದೊಡ್ಡಪ್ಪ ಸಾರ್. ಅವರ ತೋಟದಿಂದ ರೋಗ ಬಂತು ಅಂತ ನಾನು ಹೇಳೋಕಾಗಲ್ಲ. ಪಚ್ಚಬಾಳೆ ಅಂದರೆ ಅಪ್ಪ ಊಟ ಬಿಡ್ತಾರೆ.

ತೋಟದ ಡಾಕ್ಟ್ರು:
ನನ್ನ ಡ್ರಮ್ಮು ಒಂದು ಸಲ ಹೊಡೆದು ನೋಡಿ. ಬೇಕಾದರೆ ಟ್ರೈಕೋಡರ್ಮಾ ಹದಿನೈದು ದಿನ ಬಿಟ್ಟು ಕೊಡಿ.

ಕೊಳ್ಳೇಗಾಲ ತೋಟ:
ಬಾಳೆ ಹಾಕೋರು ಯಾರಾದರೂ ಇದ್ದರೆ, 570 ಕಂಬ 40ರಂತೆ ಕೊಡ್ತೀನಿ. 65ಕ್ಕೆ ತಂದಿದ್ದು.

ಕಂದೇ ಸೈ:
ಸೊರಗು ತೋಟದ ಕಂಬ ಯಾರು ತಗೊಳ್ತಾರೆ? ಈಗಷ್ಟೇ ಮೇಷ್ಟ್ರು ಚಪ್ಪಲಿ ಮಣ್ಣೂ ಬೇಡ ಅಂದ್ರು.

ಕೊಳ್ಳೇಗಾಲ ತೋಟ:
ಶೆಡ್ಡಿಂದ ಹೊರಗೇ ತೆಗೆದಿಲ್ಲ ಕಣ್ರೀ! ಮಣ್ಣೇ ಮುಟ್ಟಿಲ್ಲ!