ಪದ ಬೇಕಿದೆ: ಹುಡುಕದೆಯೇ ಎದುರಾಗುವ ರಾಜಕೀಯ ಸುದ್ದಿ

ತುಮಕೂರಿನಿಂದ:
ಕಾಲೇಜಿನ ವಸ್ತುಪ್ರದರ್ಶನಕ್ಕೆ ಫಲಕ ಅನುವಾದಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ‘ಇನ್ಸಿಡೆಂಟಲ್ ಎಕ್ಸ್‌ಪೋಷರ್’ಗೆ ಏನನ್ನಬಹುದು? ಬಸ್ಸಾರಿನ ರೀಲ್ಸ್ ನೋಡುತ್ತಿದ್ದವನು ಬೆರಳು ಸರಿಸಿದರೆ ಮುಂದಿನದು ವಿಧಾನಸಭೆಯ ಗದ್ದಲ. ಹುಡುಕಿದ್ದಲ್ಲ, ಆದರೂ ನೋಡಿದ. ಇಟಲಿ, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನವೊಂದು, ಹೀಗೆ ನೋಡುವವರಿಗೂ ಸಾಮಾಜಿಕ ಜಾಲತಾಣ ಬಳಸದವರಿಗಿಂತ ಹೆಚ್ಚು ಸುದ್ದಿಮೂಲಗಳು ಸಿಗುತ್ತವೆ ಎನ್ನುತ್ತದೆ. ಆ ವಾಕ್ಯದಲ್ಲಿ ಪದ ಕೂರಬೇಕು. ‘ಆಕಸ್ಮಿಕ ಸುದ್ದಿ’ ಎಂದರೆ ಬೆಂಕಿ ಆಕಸ್ಮಿಕದ ವರದಿ ಅಂದುಕೊಳ್ಳುತ್ತಾರೆ. ‘ಪ್ರಾಸಂಗಿಕ’ ಎಂದರೆ ಸಂದರ್ಭಕ್ಕೆ ಸಲ್ಲುವುದು ಎಂದಾಗುತ್ತದೆ.

ಕೋಲಾರದಿಂದ:
ಸಂಸ್ಕೃತವೇ ಏಕೆ? ‘ಕಣ್ಬೀಳಿಕೆ’ ಅನ್ನಿ. ‘ಸುದ್ದಿ’ಯೂ ಬೇಡ, ಅದು ‘ಶುದ್ಧಿ’ಯ ತದ್ಭವ. ‘ಒಸಗೆ’ ಇದೆ. ಮುಗಿಯಿತು.

ತಿಪಟೂರಿನಿಂದ:
ಮುಗಿಯಲಿಲ್ಲ. ‘ಕಣ್ಣಿಗೆ’ಯಲ್ಲಿರುವ ಚತುರ್ಥಿ ವಿಭಕ್ತಿಯನ್ನು ಕಿತ್ತುಹಾಕಿದಿರಿ, ಜತೆಗೆ ಅರ್ಥವೂ ಹೋಯಿತು. ಕಣ್ಣಿಗೆ ಬೀಳುವುದು ಬೇರೆ, ಕಣ್ಣು ಬೀಳುವುದು ಬೇರೆ. ಕಣ್ಣು ಬಿದ್ದರೆ ದೃಷ್ಟಿ ತೆಗೆಯುತ್ತಾರೆ. ಒಸಗೆ ಹಳಗನ್ನಡದಲ್ಲಿ ಶುಭವಾರ್ತೆ, ಮಂಗಳಕಾರ್ಯ. ಮಂತ್ರಿಯ ರಾಜೀನಾಮೆಯನ್ನು ಒಸಗೆ ಎನ್ನಲಾಗದು. ತದ್ಭವವನ್ನೂ ಹೊರಗಟ್ಟಿದರೆ ಆಡುಮಾತಿನಲ್ಲಿ ಉಳಿಯುವುದೇನು?
‘ಆಕಸ್ಮಿಕ’ಕ್ಕೆ ನನ್ನ ತಕರಾರು ಬೇರೆ. ನೋಡುವವನ ಪಾಲಿಗಷ್ಟೇ ಅದು ಆಕಸ್ಮಿಕ. ಯಾವ ವಿಡಿಯೊ ಮೇಲೆ ಎಷ್ಟು ಹೊತ್ತು ನಿಂತ, ಗೆಳೆಯರು ಏನು ಹಂಚಿದರು ಎಂದು ಲೆಕ್ಕ ಹಾಕಿ ಆ್ಯಪೇ ಆರಿಸಿ ಮುಂದಿಟ್ಟಿರುತ್ತದೆ. ಅವನು ಕೇಳಿರಲಿಲ್ಲ ಎಂಬುದೊಂದೇ ಇಲ್ಲಿ ಖಚಿತ. ಹಾಗಾಗಿ ‘ಹುಡುಕದ’ ಎಂಬ ನಿಷೇಧರೂಪ ಇರಲೇಬೇಕು.

ಬಾಗೇಪಲ್ಲಿಯಿಂದ:
ನಮ್ಮ ಕಡೆ ತೆಲುಗಿನ ‘ತಾರಸಪಡು’ ಇದೆ. ಅನಿರೀಕ್ಷಿತವಾಗಿ ಎದುರಾಗುವುದು, ಒಂದೇ ಕ್ರಿಯಾಪದದಲ್ಲಿ. ಫ್ಲೆಕ್ಸ್, ರೀಲ್ಸ್ ತೆಗೆದುಕೊಂಡವರು ಪಕ್ಕದ ಮನೆಯದನ್ನೂ ತೆಗೆದುಕೊಳ್ಳಬಹುದು.

ಕೋಲಾರದಿಂದ:
ಗಡಿಯಲ್ಲಿ ಕನ್ನಡ ಬೋರ್ಡಿಗಾಗಿ ಬಡಿದಾಡುವುದೇ ಸಾಕಾಗಿದೆ. ತೆಲುಗಿನ ಸಾಲ ಬೇಡ.

ಬಾಗೇಪಲ್ಲಿಯಿಂದ:
ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡದಲ್ಲೇ ಬರೆಯುವವರು ನಾವು. ನಮ್ಮ ಕನ್ನಡಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ತಿಪಟೂರಿನಿಂದ:
ಸಾಲ ತಪ್ಪಲ್ಲ. ಆದರೆ ತುಮಕೂರಿನ ವಿದ್ಯಾರ್ಥಿಗೆ ‘ತಾರಸಪಡು’ವನ್ನು ಬಿಡಿಸಿ ಹೇಳಬೇಕಾಗುತ್ತದೆ. ಫಲಕದ ಪಕ್ಕ ಯಾರು ನಿಂತಿರುತ್ತಾರೆ?

ತುಮಕೂರಿನಿಂದ:
‘ಹುಡುಕದೆ ಕಣ್ಣಿಗೆ ಬೀಳುವ ಸುದ್ದಿ’ ಎಂದು ತಲೆಬರಹ ಕೊಡುತ್ತಿದ್ದೇನೆ. ರೀಲ್ಸಿನ ಉದಾಹರಣೆಗೆ ಮಾತ್ರ ‘ಬೀಳುವ’ ಬದಲು ‘ಬಿದ್ದ’.